ಹೊಳೆ ದಾಟಿಸಿದ ಬೆಕ್ಕು

ಜೋಗ ರಸ್ತೆ, ಸಾಗರ
ಡಿಸೆಂಬರ್ ೧೪, ೨೦೨೫

ಬೀಗಿತ್ತಿ ತುಂಗಮ್ಮನವರಿಗೆ ವಿಶಾಲಮ್ಮನ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆದು ಮುಂದುವರಿಯುವುದು ರೂಢಿ. ಸುಳ್ಳು ಬರೆಯಲು ಮನಸ್ಸಿಲ್ಲ. ಈ ಮನೆಯಲ್ಲಿ ಒಬ್ಬರು ಮುಂಗಾಲು ಎತ್ತಿಕೊಂಡು ಕುಂಟುತ್ತಿದ್ದಾರೆ. ಇನ್ನೊಬ್ಬರು, ಅಂದರೆ ನನ್ನ ಯಜಮಾನರು, ಬೆಳಿಗ್ಗೆಯಿಂದ ನನ್ನ ಕಣ್ಣಿಗೆ ಬೀಳಬಾರದೆಂದು ಗೇಟಿನ ಹತ್ತಿರ ಸ್ಕೂಟರ್ ಒರೆಸುತ್ತಿದ್ದಾರೆ. ನಾನು ಸಿಟ್ಟಿನಲ್ಲಿದ್ದೇನೆ. ಇದಿಷ್ಟು ನಮ್ಮ ಕ್ಷೇಮಸಮಾಚಾರ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀವು ಕೇಳಬಹುದು. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀವು ನಾಲ್ಕು ಹೇಳಿ, ಕುಕ್ಕರ್ ಕೂಗ್ತಿದೆ ಎಂದು ಇಟ್ಟುಬಿಡುತ್ತೀರಿ. ತೀರ್ಥಹಳ್ಳಿಯಲ್ಲಿ ಇಷ್ಟು ಸಲ ಕೂಗುವ ಕುಕ್ಕರ್ ಇನ್ನೊಂದು ಇರಲಾರದು. ವಾಟ್ಸಾಪಿನಲ್ಲಿ ಬರೆದರೆ ಅದನ್ನು ನಿಮ್ಮ ಅಕ್ಕತಂಗಿಯರಿಗೆಲ್ಲ ದಾಟಿಸುತ್ತೀರಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಕೆಟ್ಟುಹೋದ ರಸ್ತೆ, ಬಾರದ ಬಸ್ಸು, ಮುಚ್ಚಿದ ಗ್ರಂಥಾಲಯ ಎಲ್ಲದರ ಬಗ್ಗೆಯೂ ಪತ್ರಿಕೆಗಳಿಗೆ ಬರೆದಿದ್ದೇನೆ. ನಿಮಗೂ ಬರೆಯಬಲ್ಲೆ.

ವಿಷಯ ನಮ್ಮ ಮನೆಯ ಬೆಕ್ಕಿನದ್ದು, ನನ್ನ ಮಗಳ ಬಾಣಂತನದ್ದು. ಇವೆರಡನ್ನೂ ಒಂದೇ ಗಂಟು ಹಾಕಿದವರು ನೀವು.

ಮೊದಲು ಬೆಕ್ಕಿನ ಬಗ್ಗೆ. ನೀವು ಊರೆಲ್ಲ ಹೇಳಿಕೊಂಡು ಬಂದ ಹಾಗೆ ಅದು ನಾನು ಮುದ್ದು ಮಾಡಿ ಹಾಳುಮಾಡಿದ ಬೆಕ್ಕಲ್ಲ. ಅದು ನನ್ನ ಸಾಕುಬೆಕ್ಕೇ ಅಲ್ಲ. ಕೊರೊನಾದ ಎರಡನೇ ವರ್ಷ ಹಿಂದಿನ ಬೀದಿಯ ಸಾಮಿಲ್ ಮುಚ್ಚಿದಾಗ ಕಾಂಪೌಂಡ್ ಹಾರಿ ಬಂದು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ ಗಂಡುಬೆಕ್ಕು. ಆವತ್ತೇ ಒಂದು ಕಿವಿ ಅರ್ಧ ಹೋಗಿತ್ತು. ಮಡಿಲಿಗೆ ಬರುವುದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ. ನಾನು ಅನ್ನ ಮೀನು ಕಲಸಿ ಇಟ್ಟು ದೂರ ಸರಿದ ಮೇಲೆಯೇ ಬಾಯಿ ಹಾಕುತ್ತದೆ. ಒಂದೇ ಒಂದು ಸಲ ಅದರ ಬೆನ್ನು ಮುಟ್ಟಲು ಹೋದೆ. ಗುರುತು ಮುಂಗೈ ಮೇಲೆ ಇನ್ನೂ ಇದೆ.

ಆದರೆ ಅದರ ಕಾನೂನು ಸ್ಪಷ್ಟ. ಗೇಟಿನಿಂದ ಜಗಲಿಯ ತನಕ ಮನುಷ್ಯರದ್ದು. ಬಚ್ಚಲಿನ ಬಾಗಿಲಿನಿಂದ ಹಿಂದಿನ ಕಾಂಪೌಂಡಿನ ತನಕ ಅದರದ್ದು. ದಿನಕ್ಕೆರಡು ಸಲ ಗೋಡೆಯ ಮೇಲೆ ಸುತ್ತು ಬಂದು ಮೂಲೆಮೂಲೆಗೆ ತನ್ನ ವಾಸನೆ ಹಾಕುತ್ತದೆ. ಆ ವಾಸನೆಯನ್ನು ನಾನು ಹೊಗಳುವುದಿಲ್ಲ. ಹಿತ್ತಿಲಿಗೆ ಹೋಗುವಾಗ ನಾನೇ ಯಜಮಾನರ ಹಳೆಯ ಗಮ್‌ಬೂಟು ಹಾಕಿಕೊಂಡು, ಪಾತ್ರೆ ಬಡಿದು ಸದ್ದು ಮಾಡಿ, ಅದು ಎದ್ದು ಎರಡು ಹೆಜ್ಜೆ ಸರಿದ ಮೇಲೆ ಕಾಲಿಡುತ್ತೇನೆ. ಗ್ಯಾಸಿನ ಜಟ್ಟಿಂಗಪ್ಪ ಸಿಲಿಂಡರನ್ನು ಗೇಟಿನಲ್ಲೇ ಇಳಿಸಿ, ಅಮ್ಮಾ, ಸಾಹೇಬ್ರು ಡ್ಯೂಟಿ ಮೇಲಿದಾರಾ ಎಂದು ಕೇಳಿಯೇ ಒಳಗೆ ಬರುವುದು. ನಮ್ಮವರು ಅದಕ್ಕೆ ರೇಂಜರು ಎಂದು ಹೆಸರಿಟ್ಟಿದ್ದಾರೆ. ಬಂದು ನಿಂತ ಜಾಗ ಎಲ್ಲಾ ತನ್ದೇ ಅಂತದಲ್ಲ ಮಾರಾಯ್ತಿ, ಮತ್ತೆಂತ ಹೆಸರಿಡದು ಎನ್ನುತ್ತಾರೆ.

ಅದು ಬಂದ ಮೇಲೆ ನಮ್ಮ ಮೋರಿಯಲ್ಲಿ ಒಂದು ಹೆಗ್ಗಣ ಉಳಿದಿಲ್ಲ. ಬೀದಿಯ ಎಲ್ಲ ಮನೆಗಳ ಅಡಿಗೆಮನೆಗೆ ನುಗ್ಗುವ ಮಂಗಗಳು ನಮ್ಮ ಗೋಡೆ ಕಂಡರೆ ಸುತ್ತು ಹಾಕಿ ಹೋಗುತ್ತವೆ. ಇದನ್ನೆಲ್ಲ ಅದು ನನಗಾಗಿ ಮಾಡುತ್ತದೆ ಎಂಬ ಭ್ರಮೆ ನನಗಿಲ್ಲ. ಬೆಕ್ಕು ಜನರನ್ನು ಹಚ್ಚಿಕೊಳ್ಳುವುದಲ್ಲ, ಜಾಗವನ್ನು ಹಚ್ಚಿಕೊಳ್ಳುವುದು. ಅದರ ಲೆಕ್ಕದಲ್ಲಿ ನಾನು ಅನ್ನ ಇಡುವ ಒಂದು ಬಾಡಿಗೆ ಜೀವ.

ಈಗ ಅಕ್ಟೋಬರಿನ ಆ ಶನಿವಾರ. ಸೀಮಂತ ಮುಗಿದಿತ್ತು. ಮೊದಲ ಬಾಣಂತನ ತಾಯಿಮನೆಯಲ್ಲಿ ಎಂಬುದು ನಿಮ್ಮಲ್ಲೂ ನಮ್ಮಲ್ಲೂ ಒಂದೇ ಪದ್ಧತಿ. ಆದರೂ ಮನೆ ಬಾಣಂತಿಗೆ ಹೊಂದುತ್ತದೋ ಇಲ್ಲವೋ ನೋಡಬೇಕೆಂದು ನೀವು ಅಳಿಯ ಅಶ್ವಿನ್ ಜೊತೆ ಕಾರಿನಲ್ಲಿ ಬಂದಿರಿ. ನಾನು ಇಪ್ಪತ್ತೇಳು ವರ್ಷ ಮಗಳನ್ನು ಸಾಕಿದ ಮನೆಗೆ ತಪಾಸಣೆ! ನುಂಗಿಕೊಂಡೆ. ಕೋಣೆಯ ಕಿಟಕಿ ರಸ್ತೆಗೆ ಬಂತಲ್ಲ, ಧೂಳು ಅಂದಿರಿ. ನುಂಗಿಕೊಂಡೆ. ಮಂಚದ ಹಲಗೆ ತಟ್ಟಿ ನೋಡಿದಿರಿ, ಅದನ್ನೂ ನುಂಗಿಕೊಂಡೆ. ಆಮೇಲೆ ಬಚ್ಚಲು ನೋಡಬೇಕೆಂದು ಹಿಂದಿನ ಬಾಗಿಲಿಗೆ ಹೊರಟಿರಿ. ಸ್ವಲ್ಪ ತಡೆಯಿರಿ, ಆ ಕಡೆ ಬೆಕ್ಕಿದೆ, ನಾನು ಮುಂದೆ ಹೋಗುತ್ತೇನೆ ಎಂದೆ. ಆಗ ನೀವು ಆಡಿದ ಮಾತು ಇದು: ಎಂತ ಮೇಡಮ್ಮೋರೆ, ನಿಮ್ಮನೆ ಬೆಕ್ಕಿಗೆ ಅರ್ಜಿ ಹಾಕ್ಕಂಡು ಬರ್ಬೇಕಾ ನಾನು?

ಅರ್ಜಿ ಹಾಕಿದ್ದರೆ ಚೆನ್ನಾಗಿತ್ತು. ಅದು ಕಲ್ಲಿನ ಮೇಲಿತ್ತು. ಕಿವಿ ಹಿಂದಕ್ಕೆ ಮಲಗಿಸಿತು, ಗಂಟಲಿನಲ್ಲಿ ಗುರುಗುಟ್ಟಿತು, ಬಾಲ ಕಲ್ಲಿಗೆ ಬಡಿಯಿತು. ಇಷ್ಟು ನೋಟೀಸು ಯಾವ ಇಲಾಖೆಯೂ ಕೊಡುವುದಿಲ್ಲ. ನೀವು ಮೂಲೆಯ ಹಿಡಿಸೂಡಿ ಎತ್ತಿಕೊಂಡು ಅದರ ಮುಖಕ್ಕೆ ಬೀಸಿದಿರಿ. ಮುಂದಿನದು ನಿಮಗೇ ಗೊತ್ತು. ನಿಮ್ಮ ಸೀರೆಯ ಸೆರಗಿನ ತನಕ ಹತ್ತಿತು. ಅಶ್ವಿನ್ ಮೊದಲು ನಕ್ಕ, ರಕ್ತ ಕಂಡ ಮೇಲೆ ಓಡಿ ಬಂದ. ಇಂಜೆಕ್ಷನ್ನಿಗೆ ಇಲ್ಲಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡ ಎಂದು ತೀರ್ಥಹಳ್ಳಿಗೇ ಹೋದಿರಿ. ಗಾಯಕ್ಕೆ ಆವತ್ತೇ ಕ್ಷಮೆ ಕೇಳಿದ್ದೇನೆ, ಈಗಲೂ ಕೇಳುತ್ತೇನೆ. ಸೀರೆಗೆ ಕೇಳುವುದಿಲ್ಲ. ಅದು ಹರಿದ ಸದ್ದು ಕಿವಿಗೆ ಬಿದ್ದಾಗ ನನಗೆ ಒಂದು ಗಳಿಗೆ ಖುಷಿಯಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಕಾರು ಹತ್ತುವಾಗ ನೀವು ಮಗನಿಗೆ ಹೇಳಿದಿರಿ, ನನಗೆ ಕೇಳಲಿ ಎಂದೇ ಹೇಳಿದಿರಿ: ಗೇಣಿಗೆ ಬಂದೋರೂ ಕೂತ ಜಾಗ ಬಿಡ್ಲಿಲ್ಲ, ಇವರ ಬೆಕ್ಕೂ ಬಿಡಲ್ಲ.

ತುಂಗಮ್ಮನವರೇ, ಗಾಯ ವಾಸಿಯಾಗುತ್ತದೆ. ಈ ಮಾತು ನನಗೆ ವಾಸಿಯಾಗಿಲ್ಲ. ನನ್ನ ನೆನಪು ಉದ್ದ, ನೀವು ಮರೆತದ್ದನ್ನೂ ಅದು ಇಟ್ಟುಕೊಂಡಿದೆ. ನನ್ನಪ್ಪ ಗೇಣಿ ಭತ್ತ ಅಳೆಯಲು ಒಡೆಯರ ಮನೆಗೆ ಹೋಗುವಾಗ ಗಾಡಿಯ ಹಿಂದೆ ನಾನೂ ಹೋಗುತ್ತಿದ್ದೆ. ಆ ಅಂಗಳದಲ್ಲೂ ಒಂದು ಗಡಿ ಇತ್ತು. ಯಾರೂ ಗೆರೆ ಎಳೆದಿರಲಿಲ್ಲ, ಆದರೆ ತುಳಸಿಕಟ್ಟೆ ದಾಟಬಾರದು ಎಂದು ಆರು ವರ್ಷದ ನನಗೂ ಗೊತ್ತಿತ್ತು. ಕಾಫಿ ಕೊಟ್ಟರೆ ತೆಂಗಿನ ಚಿಪ್ಪಿನಲ್ಲಿ. ಕುಡಿದು ಚಿಪ್ಪನ್ನು ನಾವೇ ತೊಳೆದು ಬೇಲಿಗೆ ಸಿಕ್ಕಿಸಿ ಬರಬೇಕು. ಒಂದು ವರ್ಷ ಭತ್ತ ಜೊಳ್ಳಾಯಿತೆಂದು ಒಡೆಯರ ಕಡೆಯವರು ನಮ್ಮ ಮಡಕೆಕುಡಿಕೆ ಹೊರಗಿಟ್ಟು ಬಾಗಿಲಿಗೆ ಮುಳ್ಳು ಹಚ್ಚಿದರು. ನನ್ನವ್ವ ಆ ಮುಳ್ಳಿನ ಮುಂದೆಯೇ ಒಲೆ ಹೂಡಿ ಗಂಜಿ ಬೇಯಿಸಿದಳು. ಎದ್ದು ಹೋಗಲಿಲ್ಲ. ಎಪ್ಪತ್ತನಾಲ್ಕರ ಭೂಸುಧಾರಣೆ ಕಾನೂನು ಬಂದು ಗದ್ದೆ ನಮ್ಮ ಹೆಸರಿಗಾದಾಗ ನಾನು ಹದಿಹರೆಯದ ಹುಡುಗಿ. ಕೂತದ್ದಕ್ಕೆ ಸಿಕ್ಕಿದ್ದಲ್ಲ ಅದು, ಬೆನ್ನು ಬಗ್ಗಿಸಿದ್ದಕ್ಕೆ ಸಿಕ್ಕಿದ್ದು. ನಿಮ್ಮವರು ನಮ್ಮ ಒಡೆಯರಾಗಿರಲಿಲ್ಲ, ನಿಜ. ಆದರೆ ನಿಮ್ಮ ಬಾಯಿಂದ ಬಂದದ್ದು ಆ ಅಂಗಳದ ಮಾತೇ. ನಿಮ್ಮ ಮಗ ನನ್ನ ಮಗಳನ್ನು ಇಷ್ಟಪಟ್ಟು ಮದುವೆಯಾದಾಗ ಆ ಅಂಗಳ ದಾಟಿ ಆಯಿತು ಅಂದುಕೊಂಡಿದ್ದೆ.

ಒಂದು ವಾರದ ಮೇಲೆ ಅಶ್ವಿನ್ ಫೋನ್ ಮಾಡಿದ. ಅತ್ತೆ, ಅಮ್ಮ ಹೇಳ್ತಿದಾರೆ, ಆ ಬೆಕ್ಕು ಇರೋ ತನಕ ಲಿಖಿತಾನ ಕಳಿಸದು ಕಷ್ಟ, ಮಗು ಇರೋ ಮನೆ ಅಲ್ವಾ ಅಂದ. ಮಗಳಿಗೆ ಫೋನ್ ಕೊಡು ಎಂದೆ. ಅವಳು, ಅತ್ತೆ ಹೇಳಿದ ಹಾಗೇ ಆಗ್ಲಿ ಅಮ್ಮ ಎಂದು ಇಟ್ಟಳು. ನಿಮ್ಮ ಅಡಿಗೆಮನೆಯಲ್ಲಿ ನಿಮ್ಮ ಎದುರು ನಿಂತು ಮಾತಾಡುವ ಹುಡುಗಿ ಬೇರೇನು ಹೇಳಿಯಾಳು?

ಆಗುವುದಿಲ್ಲ ಎಂದು ಒಂದಷ್ಟು ದಿನ ಹಟ ಹಿಡಿದೆ. ಹಿತ್ತಿಲಿಗೆ ಜಾಲರಿ ಬಾಗಿಲು ಹಾಕಿಸುತ್ತೇನೆ, ಬಚ್ಚಲಿಗೆ ಒಳಗಿನಿಂದ ದಾರಿ ಮಾಡಿಸುತ್ತೇನೆ ಎಂದು ಹೇಳಿ ಕಳಿಸಿದೆ. ನಿಮ್ಮಿಂದ ಉತ್ತರವಿಲ್ಲ. ದಿನ ತುಂಬುತ್ತಿದ್ದವು. ಒಬ್ಬಳೇ ಮಗಳು. ಹೆರಿಗೆಯಾದ ಮೇಲೆ ಅವಳ ತಲೆಗೆ ಎಣ್ಣೆ ಹಚ್ಚುವ ಕೈ ನನ್ನದಾಗಿರಬೇಕು ಎಂಬುದಕ್ಕಿಂತ ದೊಡ್ಡದು ನನಗೆ ಈ ವರ್ಷ ಏನೂ ಇರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಯಜಮಾನರಿಗೆ ಹೇಳಿದೆ: ಆಯ್ತು, ಬಿಟ್ಟು ಬನ್ನಿ.

ನಮ್ಮ ಸಾಗರದ ಕಡೆ ಬೆಕ್ಕನ್ನು ಬಿಡುವುದು ಎಂದರೆ ಹೊಳೆ ದಾಟಿಸುವುದು. ನೆಲದ ಮೇಲೆ ಎಷ್ಟು ದೂರ ಬಿಟ್ಟರೂ ಬೆಕ್ಕು ವಾಸನೆ ಹಿಡಿದು ಬರುತ್ತದೆ, ನೀರು ದಾಟಿದರೆ ದಾರಿ ಕಡಿಯುತ್ತದೆ ಎಂಬುದು ಹಿರಿಯರ ನಂಬಿಕೆ. ನನ್ನ ಅತ್ತೆ ಹಾಗೆ ಮೂರು ಬೆಕ್ಕುಗಳನ್ನು ಶರಾವತಿ ಹಿನ್ನೀರಿನ ಆಚೆ ಕಳಿಸಿದ್ದರು. ಹೊಳೆಬಾಗಿಲಿನ ಕಡವಿನಲ್ಲಿ ಗೋಣಿಚೀಲ ಹಿಡಿದು ಲಾಂಚ್ ಹತ್ತಿದರೆ ಲಾಂಚಿನವರು, ಬೆಕ್ಕನಾ ಎಂದು ಕೇಳಿ ನಗುತ್ತಿದ್ದರು. ಹೋದದ್ದು ಒಂದೂ ವಾಪಸು ಬಂದಿರಲಿಲ್ಲ.

ನಮ್ಮವರು ಎರಡು ಸ್ವೆಟರ್ ಹಾಕಿ, ಹೆಲ್ಮೆಟ್ ಕಟ್ಟಿ, ಒಣಮೀನು ತೋರಿಸಿ, ಒಂದು ಗಂಟೆ ಒದ್ದಾಡಿ ಅದನ್ನು ಗೋಣಿಗೆ ಹಾಕಿದರು. ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದರು. ದಾರಿಯುದ್ದಕ್ಕೂ ಅದು ಕೂಗಿದ ಕೂಗಿಗೆ ಜನ ತಿರುಗಿ ನೋಡಿದರಂತೆ. ಆಚೆ ದಡದಲ್ಲಿ ಒಂದು ಮೀನಿನ ಅಂಗಡಿಯ ಹಿಂದೆ, ಹೊಟ್ಟೆಗಾದರೂ ಸಿಗಲಿ ಎಂದು ಬಿಟ್ಟು ಬಂದರು. ಬಂದವರು, ಇನ್ನು ಬರದಿಲ್ಲ ಬಿಡು, ಮಧ್ಯ ಅಷ್ಟು ನೀರದೆ ಎಂದರು. ನಾನೂ ಹೌದು ಎಂದೆ. ನಿಮಗೆ ಫೋನ್ ಮಾಡಿ, ಬೆಕ್ಕು ಹೊಳೆ ದಾಟಿತು, ನನ್ನ ಮಗಳನ್ನು ಕಳಿಸಿ ಎಂದೂ ಹೇಳಿದೆ.

ನಮ್ಮಿಬ್ಬರ ಬುದ್ಧಿಗೆ ಏನು ಹೇಳಲಿ? ಅವರು ಹೋದದ್ದು ಬಂದದ್ದು ಈ ಜುಲೈಯಲ್ಲಿ ತೆರೆದ ಸೇತುವೆಯ ಮೇಲೆ. ಆ ಸೇತುವೆ ಬೇಕು, ಮುಳುಗಡೆಯಾಗಿ ಆಚೆ ಉಳಿದವರಿಗೆ ದಾರಿ ಬೇಕು ಎಂದು ವರ್ಷಗಟ್ಟಲೆ ಪತ್ರಿಕೆಗೆ ಬರೆದವರಲ್ಲಿ ನಾನೂ ಒಬ್ಬಳು. ಉದ್ಘಾಟನೆಯ ಮರುವಾರ ಹೋಗಿ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡವಳು. ಬೆಕ್ಕಿನ ಮಾತು ಬಂದಾಗ ಮಾತ್ರ ನಮ್ಮ ತಲೆಯಲ್ಲಿ ಹಳೆಯ ಲಾಂಚೇ ಓಡಾಡುತ್ತಿತ್ತು.

ಬೆಕ್ಕು ಹೋಯಿತು ಎಂದಾಗ ನೀವು, ಹೌದನಾ, ನಿಜವಾಗ್ಲೂ ಬಿಟ್ರಾ ಎಂದಿರಿ. ಸಂತೋಷ ಪಡುತ್ತೀರಿ ಅಂದುಕೊಂಡಿದ್ದೆ. ನೀವು, ಚಳಿ ಶುರುವಾತಲ್ಲ, ನೋಡನ ಎಂದಿರಿ. ಮುಂದಿನ ಸಲ ಲಿಖಿತಾಳ ಕಾಲು ಊದಿದೆ ಎಂದಿರಿ. ಅದರ ಮುಂದಿನ ಸಲ ಹೊಸನಗರದ ಮೇಲೆ ಬರುವ ರಸ್ತೆ ಹೊಂಡ ಬಿದ್ದಿದೆ, ಡಾಕ್ಟರು ಇಲ್ಲೇ ಇದ್ದಾರೆ ಎಂದಿರಿ. ನಿಮ್ಮ ಷರತ್ತು ನಡೆಸಿಕೊಟ್ಟವಳು ನಾನು. ಅದು ಮುಗಿದ ಮೇಲೆ ಹೊಸ ಷರತ್ತು ಹುಟ್ಟಿಸುವುದನ್ನು ಯಾವ ನ್ಯಾಯ ಎನ್ನುತ್ತೀರಿ? ಇತ್ತ ನಮ್ಮ ಹಿತ್ತಿಲಿಗೆ ಮಂಗಗಳು ಇಳಿದವು. ಅಡಿಗೆಮನೆಯ ಕಿಟಕಿಯಿಂದ ಕೈಹಾಕಿ ಬಾಳೆಗೊನೆಯನ್ನೇ ಎಳೆದವು. ಬೇರೆ ಬೀದಿಯ ಬೆಕ್ಕೊಂದು ಬಂದು ಒಗೆಯುವ ಕಲ್ಲಿನ ಮೇಲೆ ಮಲಗಿತು. ನಾನು ಗಮ್‌ಬೂಟು ಹಾಕದೆ ಹಿತ್ತಿಲಿಗೆ ಹೋಗಬಹುದಾಗಿತ್ತು, ಆದರೂ ಹಾಕಿಕೊಂಡೇ ಹೋಗುತ್ತಿದ್ದೆ.

ಗುರುವಾರ ಬೆಳಿಗ್ಗೆ ಹಾಲು ತರಲು ಗೇಟು ತೆಗೆದೆ. ಎದುರು ಚರಂಡಿಯ ಹಾಸುಗಲ್ಲಿನ ಮೇಲೆ ಅದು ನಿಂತಿತ್ತು. ಪಕ್ಕೆಲುಬು ಎಣಿಸಬಹುದು. ಮುಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ಉಳಿದಿದ್ದ ಒಂದು ಕಿವಿಯ ತುದಿಯೂ ಹರಿದಿತ್ತು. ನಾನು ಹಾಲಿನ ಪ್ಯಾಕೆಟ್ ಹಿಡಿದು, ಬಾ ಎಂದೆ. ಅದು ನನ್ನ ಮುಖವನ್ನೂ ನೋಡದೆ, ಕಾಲಿನ ಪಕ್ಕದಲ್ಲೇ ದಾಟಿ ಹಿಂದಕ್ಕೆ ಹೋಯಿತು. ಬಂದು ಮಲಗಿದ್ದ ಬೆಕ್ಕು ಅದರ ಮೂತಿ ಕಂಡೇ ಗೋಡೆ ಹಾರಿತು. ಇದು ಗೋಡೆ ಹತ್ತಲಾರದೆ ಕೆಳಗಿನಿಂದಲೇ ಕುಂಟುತ್ತ ನಾಲ್ಕೂ ಮೂಲೆ ಮುಟ್ಟಿತು. ಅನ್ನಕ್ಕೆ ಬಂದದ್ದು ಅದಾದ ಮೇಲೆ. ನಮ್ಮವರು ಬಾಗಿಲಿನಿಂದ ನೋಡಿ, ಸೇತುವೆ ಕಣೇ, ಸೇತುವೆ ಎಂದು ತಲೆ ಚಚ್ಚಿಕೊಂಡರು.

ಆದ್ದರಿಂದ ನಾನು ತಿಳಿಸುವುದು ಇದು. ಬೆಕ್ಕು ವಾಪಸು ಬಂದಿದೆ. ಅದನ್ನು ಇನ್ನೊಮ್ಮೆ ಯಾವ ಹೊಳೆಯನ್ನೂ ದಾಟಿಸುವುದಿಲ್ಲ, ಯಾರು ಹೇಳಿದರೂ ಇಲ್ಲ. ಜಾಲರಿ ಬಾಗಿಲು ಹಾಕಿಸಿದ್ದೇನೆ. ಬಚ್ಚಲಿಗೆ ಒಳದಾರಿಯಾಗಿದೆ. ಮಗುವಿನ ಕೋಣೆಗೆ ಅದು ಬರುವುದಿರಲಿ, ನೋಡಲೂ ಸಾಧ್ಯವಿಲ್ಲ. ಮುಂದಿನ ಭಾನುವಾರ ನಾವಿಬ್ಬರೂ ಕಾರು ಮಾಡಿಕೊಂಡು ನಿಮ್ಮ ಮನೆಗೆ ಬರುತ್ತೇವೆ. ಲಿಖಿತಾಳ ಬಟ್ಟೆಬರೆ ಕಟ್ಟಿಡಿಸಿ. ಇಲ್ಲದಿದ್ದರೆ ನಾನು ನಿಮ್ಮ ಅಂಗಳದಲ್ಲಿ ಕೂರುತ್ತೇನೆ. ಕೂತ ಜಾಗ ಬಿಡದ ಜನ ನಾವು ಎಂದು ನೀವೇ ಹೇಳಿದ್ದೀರಿ.

ಇತಿ, ನಿಮ್ಮ ಸೊಸೆಯನ್ನು ಹೆತ್ತ
ವಿಶಾಲಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲೇ ಲಿಖಿತಾಳ ಫೋನ್ ಬಂತು. ನಾನು ಪತ್ರ ಬರೆಯುತ್ತಿದ್ದೇನೆಂದು ಸ್ಕೂಟರ್ ಒರೆಸುವವರು ಹೆದರಿ ಅವಳಿಗೆ ತಿಳಿಸಿದ್ದರು. ಓದಿ ಹೇಳು ಎಂದಳು. ಎಲ್ಲವನ್ನೂ ಓದಿದೆ. ಅವಳು ಅಂದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: ಅಮ್ಮ, ಅತ್ತೆಗೆ ಬೈಬೇಡ. ಬೆಕ್ಕಿನ ನೆಪ ಹೇಳಿ ಅಂತ ಅವರಿಗೆ ಹೇಳಿಕೊಟ್ಟಿದ್ದೇ ನಾನು. ನೀನು ಯಾರಿಗೋಸ್ಕರನೂ ಅದನ್ನ ಬಿಡಲ್ಲ ಅಂದ್ಕಂಡಿದ್ದೆ. ನೀನು ಬಿಟ್ಟೆ ಅಂತ ಗೊತ್ತಾದಾಗ ಎಂತ ಮಾಡದು ಅಂತ ನಂಗೂ ಗೊತ್ತಾಗ್ಲಿಲ್ಲ, ಅತ್ತೆಗೂ ಗೊತ್ತಾಗ್ಲಿಲ್ಲ.

ಯಾಕೆ ಎಂದು ಕೇಳಿದೆ. ಅವಳು, ಹೈಸ್ಕೂಲಿನಿಂದ ಮದುವೆಯ ತನಕ ನನ್ನ ಒಬ್ಬಳಾದ್ರೂ ಗೆಳತಿ ನಮ್ಮನೆಗೆ ಎರಡನೇ ಸಲ ಬಂದಿದ್ಲಾ ಅಮ್ಮ ಎಂದಳು. ಗೇಟಿನ ಸದ್ದಾದ್ರೆ ನೀನು ಬಂದು ನಿಲ್ತಿದ್ದೆ. ಮೂರು ತಿಂಗಳು ಮಗು ಇಟ್ಕಂಡು ನಂಗೆ ಅಲ್ಲಿ ಉಸಿರು ಕಟ್ತದೆ. ಇಲ್ಲಿ ಅತ್ತೆ ಬೈತಾರೆ, ಆಮೇಲೆ ಮರೀತಾರೆ ಎಂದಳು. ಕುಕ್ಕರ್ ಕೂಗ್ತಿದೆ ಎಂದು ಫೋನ್ ಇಟ್ಟೆ. ಒಲೆ ಹಚ್ಚಿರಲಿಲ್ಲ.

ಇಷ್ಟು ದಿನ ನನ್ನ ಬೈಗುಳವನ್ನೆಲ್ಲ ನನ್ನ ಮಗಳ ಬದಲು ನೀವು ತಿಂದಿರಿ. ಅದಕ್ಕೆ ಏನು ಹೇಳಬೇಕೋ ಅದನ್ನು ಹೇಳುವಷ್ಟು ದೊಡ್ಡ ಮನಸ್ಸು ಇವತ್ತು ನನ್ನಲ್ಲಿಲ್ಲ. ಪತ್ರವನ್ನು ಹರಿಯುವುದೂ ಇಲ್ಲ. ಗೇಣಿಯ ಮಾತನ್ನು ಅವಳು ನಿಮಗೆ ಹೇಳಿಕೊಟ್ಟಿರಲಿಲ್ಲ, ಅದು ನಿಮ್ಮದೇ. ಅದಕ್ಕೆ ಉತ್ತರ ನಿಮ್ಮ ಕೈ ಸೇರಬೇಕು. ಭಾನುವಾರ ನಾವು ಬರುವುದಿಲ್ಲ.

ಒಂದು ಸಂಗತಿ ಮಾತ್ರ ನಿಮಗೆ ಗೊತ್ತಿರಲಾರದು. ಲಿಖಿತಾ ಸಣ್ಣ ನೋವಿಗೆ ಊರೆಲ್ಲ ಕೇಳುವ ಹಾಗೆ ಕೂಗುತ್ತಾಳೆ, ಅದಕ್ಕೆ ಗಾಬರಿಯಾಗಬೇಡಿ. ನೋವು ನಿಜವಾಗಿ ದೊಡ್ಡದಾದಾಗ ಸುಮ್ಮನಾಗಿ ಗೋಡೆಯ ಕಡೆ ತಿರುಗುತ್ತಾಳೆ. ಆಗ ಡಾಕ್ಟರಿಗೆ ಹೇಳಿ ಕಳಿಸಿ. ಅವಳನ್ನು ಏನೂ ಕೇಳಬೇಡಿ, ಪಕ್ಕದಲ್ಲಿ ಕೂತು ಅಂಗಾಲು ತಿಕ್ಕಿ, ಎಡಗಾಲು ಮೊದಲು.